ಡಾಕ್ಟರ ಎಡಗೈ

ಇವತ್ತು ಹರಿಹರಪುರದಲ್ಲಿ ನಮ್ಮ ಡಾಕ್ಟರ ವೈಕುಂಠ ಸಮಾರಾಧನೆ. ಎಲೆಗೆ ಬಿಸಿ ಪಾಯಸ ಬಿದ್ದು ಏಲಕ್ಕಿಯ ಘಮ ಬಂದದ್ದೇ, ನಾನು ಮತ್ತೆ ಲಂಗದ ಹುಡುಗಿಯಾದೆ.

ಆಗ ಯಾರ ಮನೆಯ ಮದುವೆಯಾದರೂ ಡಾಕ್ಟರು ಊಟಕ್ಕೆ ಪಂಕ್ತಿಯ ತುದಿಯಲ್ಲೇ ಕೂರುತ್ತಿದ್ದರು. ಅವರು ಅನ್ನ ಕಲಸುವಷ್ಟರಲ್ಲಿ ನಮ್ಮಜ್ಜಿ ಹೋಗಿ ಕೈ ಚಾಚುತ್ತಿದ್ದಳು.

“ನೀವು ಉಣ್ಣಿ ಮಾರಾಯ್ರೇ, ನಾಡಿ ಒಂದು ನೋಡಿಬಿಡಿ.”

ಬಲಗೈಯಲ್ಲಿ ಉಣ್ಣುತ್ತಲೇ ಅವರು ಎಡಗೈಯಲ್ಲಿ ನಾಡಿ ಹಿಡಿಯುತ್ತಿದ್ದರು. ಅಜ್ಜಿಯ ಹಿಂದೆ ಇನ್ಯಾರೋ ನಾಲಿಗೆ ಚಾಚಿ ನಿಂತಿರುತ್ತಿದ್ದರು. ಪಾಯಸ ಬಿಸಿಯಿರುವಾಗ ಡಾಕ್ಟರು ಉಂಡದ್ದನ್ನು ನಾನಂತೂ ಕಂಡಿಲ್ಲ.

ಇವತ್ತು ಊಟ ಮುಗಿದ ಮೇಲೆ ಅಮ್ಮ ಡಾಕ್ಟರ ಹೆಂಡತಿಯ ಕೈ ಹಿಡಿದು ಅತ್ತಳು.

“ವರ್ಷದಿಂದ ಎದೆನೋವಿತ್ತಂತೆ. ನಮ್ಮ ಹತ್ರ ಒಂದು ಮಾತೂ ಹೇಳ್ಲಿಲ್ವಲ್ಲ ಅಕ್ಕಾ?”

ಅವರು ಮೆಲ್ಲಗೆ ಅಂದರು: “ಯಾರಾದ್ರೂ ಕೇಳಿದ್ರಾ ಮಾರಾಯ್ತಿ?”