ಅಪ್ಪನ ಬಾಯಲ್ಲಿ ಉಳಿದ ರೈಟ್

ಸ್ಟ್ರೋಕ್ ಆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು: ರೈಟ್. ಅಮ್ಮನ ಹೆಸರಿಲ್ಲ, ನನ್ನ ಹೆಸರಿಲ್ಲ, ಮನೆದೇವರ ಹೆಸರೂ ಇಲ್ಲ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಬೈದು, ಕನ್ನಡದಲ್ಲೇ ಮುದ್ದಿಸಿದ ಮನುಷ್ಯನಿಗೆ ಭಗವಂತ ಬಿಟ್ಟುಕೊಟ್ಟದ್ದು ಒಂದು ಇಂಗ್ಲಿಷ್ ಪದ. ಇದನ್ನು ಯಾರ ಹತ್ತಿರ ಹೇಳಿಕೊಳ್ಳೋಣ. ಬಲಗೈ, ಬಲಗಾಲಿನ ಸ್ವಾಧೀನ ಹೋಗಿದೆ, ಮಾತು ನಿಧಾನಕ್ಕೆ ಬಂದರೂ ಬರಬಹುದು ಎಂದು ಡಾಕ್ಟರು ಮನೆಗೆ ಕಳಿಸಿದರು. ಹೊಸಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲೇ ಮರದ ಮಂಚ ಹಾಕಿ ಅಪ್ಪನನ್ನು ಮಲಗಿಸಿದೆವು.

ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೆಂಗೇರಿಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಕೆಂಗೇರಿ, ರಿಟೈರ್ ಆಗುವವರೆಗೂ ರೈಟ್ ರೈಟ್ ಅನ್ನುತ್ತಲೇ ಓಡಾಡಿದವರು. ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಡಂ ರೈಟ್ ಅಂದರೆ ಸರಿ, ರೈಟ್ ಅಂದರೆ ಬಲಗಡೆ, ರೈಟ್ ಅಂದರೆ ಹಕ್ಕು ಎಂದು ಕಲಿಸಿದ್ದನ್ನು ನಾನು ಮನೆಗೆ ಬಂದು ಜಂಬದಿಂದ ಒಪ್ಪಿಸಿದ್ದೆ.

"ಅವೆಲ್ಲಾ ಆಮೇಲೆ ಕಣೋ. ರೈಟ್ ಅಂದ್ರೆ ಬಸ್ ಹೊರಡ್ಬೇಕು, ಅಷ್ಟೇ" ಎಂದಿದ್ದರು ಅಪ್ಪ.

ಬಸ್ಸು ಹೊರಡುವುದಷ್ಟೇ ಅಲ್ಲ, ಮನೆಯೂ ಅದರ ಮೇಲೆಯೇ ನಡೆಯುತ್ತಿತ್ತು. ಅಪ್ಪನ ಊಟ ಮುಗಿದರೆ ರೈಟ್, ಎಲ್ಲರೂ ಎದ್ದು ಕೈ ತೊಳೆಯಬೇಕು. ಅಮ್ಮನ ಜೊತೆ ಜಗಳದಲ್ಲಿ ಸೋಲುವ ಹಾಗಾದರೆ ರೈಟ್, ಚಪ್ಪಲಿ ಮೆಟ್ಟಿ ಹೊರಗೆ. ನೆಂಟರು ಜಾಸ್ತಿ ದಿನ ಉಳಿದರೆ ಅವರ ಬ್ಯಾಗು ತಂದು ಬಾಗಿಲಲ್ಲಿಟ್ಟು ರೈಟ್. ಒಂದೇ ಒಂದು ವಿಷಯಕ್ಕೆ ಅಪ್ಪ ಹಾಗೆ ಅಂದಿರಲಿಲ್ಲ. ಅದು ನನ್ನ ಮದುವೆ.

ಹುಡುಗಿ ಗದಗಿನ ಕಡೆಯವಳು, ವಿಜಯನಗರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ತಲೆನೋವಿನ ಮಾತ್ರೆ ತರಲು ಹೋದವನು ತಲೆನೋವಿಲ್ಲದಿದ್ದರೂ ಹೋಗತೊಡಗಿ, ಕೊನೆಗೆ ಅವಳೇ "ಮಾತ್ರಿ ಬ್ಯಾಡ, ಮಾತಾಡೂದಿದ್ರ ಮಾತಾಡ್ರಿ" ಅಂದಿದ್ದಳು. ಸ್ಟ್ರೋಕಿಗೆ ಒಂದು ತಿಂಗಳ ಮುಂಚೆ ವಿಷಯ ತೆಗೆದಾಗ ಅಪ್ಪ, "ಆ ಕಡೆಯೋರು ಖಾರ ತಿಂತಾರೆ. ನಮ್ಮನೆ ಸಾರು ಅವಳಿಗೆ ಸೇರಲ್ಲ, ಅವಳ ರೊಟ್ಟಿ ನನ್ನ ಹಲ್ಲಿಗೆ ಸೇರಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದ್ದರು. ಸಾರು, ರೊಟ್ಟಿ ಎಲ್ಲಾ ನೆಪ ಅಂತ ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅವಳು ಮಾತ್ರ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು, ಹಿರಿಯರು ಒಪ್ಪದ ಮನೆಗೆ ಕಾಲಿಡುವುದಿಲ್ಲ ಎಂದು.

ಈಗ ನೋಡಿದರೆ ಅಪ್ಪ ಎಲ್ಲದಕ್ಕೂ ರೈಟ್. ಕರೆಂಟ್ ಹೋದರೆ ರೈಟ್, ಬಂದರೂ ರೈಟ್. ಇದರ ಲಾಭ ಮೊದಲು ತಗೊಂಡವರು ನಮ್ಮ ಚಿಕ್ಕಪ್ಪ. ನೋಡಲು ಬಂದವರು ಅಪ್ಪನ ಕೈ ಹಿಡಿದು ಸ್ವಲ್ಪ ಹೊತ್ತು ಅತ್ತು, ಕಣ್ಣೊರೆಸಿಕೊಂಡು, "ಅಣ್ಣಾ, ನಿನ್ ಸ್ಕೂಟರ್ ಸುಮ್ನೆ ನಿಂತಿದೆ, ನಾನು ಓಡಿಸ್ಲಾ" ಎಂದರು. ರೈಟ್ ಎಂದರು ಅಪ್ಪ. ಸ್ಕೂಟರು ಶ್ರೀಗಂಧದ ಕಾವಲಿನ ಚಿಕ್ಕಪ್ಪನ ಮನೆಗೆ ಹೋಯಿತು, ಇನ್ನೂ ಬಂದಿಲ್ಲ. ಆಮೇಲೆ ಕ್ಷೌರ ಮಾಡಲು ಮನೆಗೆ ಬಂದವನು "ಮೀಸೆನೂ ತೆಗೆದುಬಿಡ್ಲಾ ಸಾರ್" ಎಂದು ಕೇಳಿಯೇ ತೆಗೆದ. ನಲವತ್ತು ವರ್ಷ ಪೊಲೀಸರಿಗೂ ಹೆದರದ ಮೀಸೆ ಅದು. ಕನ್ನಡಿ ತೋರಿಸಿದಾಗ ಅಪ್ಪನ ಕಣ್ಣು ನೋಡಬೇಕಿತ್ತು. ಬೈಯಲು ಬಾಯಿ ತೆರೆದರು, ರೈಟ್ ಅಂತಲೇ ಬಂತು. ಕ್ಷೌರದವನು ಥ್ಯಾಂಕ್ಸ್ ಸಾರ್ ಅಂದ. ನನಗೆ ನಗು ಬಂತು, ಅಪ್ಪನ ಮುಖ ನೋಡಿ ಸಂಕಟವೂ ಆಯಿತು.

ಇಷ್ಟೆಲ್ಲಾ ನೋಡಿದ್ದರೂ ನನ್ನ ದುರಾಸೆ ಬಿಡಲಿಲ್ಲ. ಒಂದು ಸಂಜೆ ಮಂಚದ ಪಕ್ಕ ಕೂತು, "ಅಪ್ಪಾ, ಅವಳನ್ನೇ ಮದುವೆ ಆಗ್ಲಾ" ಎಂದೆ. ರೈಟ್. ಕೂಡಲೇ ಅವಳಿಗೆ ಫೋನ್ ಮಾಡಿದೆ. ಅವಳಿಗೆ ಕರೆಂಟ್ ಕಥೆ, ಸ್ಕೂಟರ್ ಕಥೆ, ಮೀಸೆ ಕಥೆ ಎಲ್ಲವನ್ನೂ ನಾನೇ ಹೇಳಿ ನಗಿಸಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

"ಕರೆಂಟ್ ಹೋದ್ರೂ ರೈಟ್ ಅಂತಾರ, ಮೀಸಿ ಹೋದ್ರೂ ರೈಟ್ ಅಂತಾರ. ಅಂಥಾ ಒಪ್ಪಿಗಿ ನನಗ ಬ್ಯಾಡ" ಅಂದಳು. "ಅವರಿಗೆ ಬ್ಯಾಡ ಅನ್ನಾಕ ಬರಬೇಕು. ಆಮ್ಯಾಲೆ ಹೂಂ ಅಂದ್ರ ಅದು ಹೂಂ."

ನನಗೆ ರೇಗಿತು. ಮಾತೇ ಬಾರದವರಿಂದ ಬೇಡ ಅನ್ನಿಸುವುದು ಹೇಗೆ? ಡಾಕ್ಟರು ಹೇಳಿದ 'ನಿಧಾನ' ಎಷ್ಟು ನಿಧಾನವೋ, ಅಷ್ಟರಲ್ಲಿ ಗದಗಿನಲ್ಲಿ ಅವಳಿಗೆ ಗಂಡು ನೋಡಿ ಮುಗಿಸಿರುತ್ತಾರೆ.

ದಾರಿ ಸಿಕ್ಕಿದ್ದು ರಾಗಿ ಗಂಜಿಯಿಂದ. ಅಮ್ಮ ಕುಡಿಸುತ್ತಿದ್ದಳು, ಅಪ್ಪ ರೈಟ್ ರೈಟ್ ಅನ್ನುತ್ತಿದ್ದರು, ಅಮ್ಮ ಇನ್ನೂ ಬೇಕೇನೋ ಎಂದು ಸುರಿಯುತ್ತಲೇ ಇದ್ದಳು. ಹೊಟ್ಟೆ ಬಿರಿಯುವಂತಾಗಿ ಅಪ್ಪ ಎಡಗೈಯನ್ನು ಮಂಚದ ಪಟ್ಟಿಯ ಮೇಲೆ ಧಪ್ ಎಂದು ಒಮ್ಮೆ ಬಡಿದರು. ಅಮ್ಮನ ಚಮಚ ಗಾಳಿಯಲ್ಲೇ ನಿಂತಿತು. ಮದುವೆಯಾದ ಹೊಸದರಲ್ಲಿ ಅಪ್ಪನ ಬಸ್ಸಿನಲ್ಲೇ ಕೂತು ಊರು ಸುತ್ತಿದವಳು ಅವಳು.

"ಲೋ, ಒಂದ್ಸಲ ಬಡಿದ್ರೆ ನಿಲ್ಸು ಅಂತ ಕಣೋ. ಬಸ್ಸಿಗೂ ಹೀಗೇ ಬಡೀತಿದ್ರು. ಎರಡು ಸಲ ಬಡಿದ್ರೆ ಹೊರಡು ಅಂತ" ಎಂದಳು ಅಮ್ಮ.

ಪರೀಕ್ಷೆ ಮಾಡಿದೆವು. ಕಾಫಿ ಬೇಕಾ? ಧಪ್ ಧಪ್. ಫ್ಯಾನ್ ಹಾಕ್ಲಾ? ಧಪ್. ಸ್ಕೂಟರ್ ಚಿಕ್ಕಪ್ಪನ ಹತ್ರಾನೇ ಇರ್ಲಾ? ಮಂಚ ಮುರಿಯುವ ಹಾಗೆ ಒಂದೇ ಒಂದು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಅಪ್ಪ ಮನೆಗೆ ವಾಪಸ್ ಬಂದ ಹಾಗಾಯಿತು.

ಆದರೆ ನನ್ನ ಪ್ರಶ್ನೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಇಲ್ಲ ಅನ್ನಲು ಬಾರದ ಅಪ್ಪನ ಮುಂದೆ ಹುಲಿಯಾಗಿದ್ದವನು ಈಗ ಕಾಫಿ ಬೇಕಾ, ನೀರು ಬೇಕಾ ಎಂದು ಸುತ್ತುತ್ತಿದ್ದೆ. ಬಡಿತದ ಲೆಕ್ಕವನ್ನು ನನ್ನಿಂದ ಫೋನಿನಲ್ಲಿ ಕೇಳಿದವಳು ಭಾನುವಾರ ತಾನೇ ಬಂದಳು. ಕಿತ್ತಳೆ ಹಣ್ಣಿನ ಚೀಲ ಅಮ್ಮನ ಕೈಗಿಟ್ಟು, ಮಂಚದ ಎದುರು ನಿಂತು, ನನ್ನ ಕಡೆ ತಿರುಗಿಯೂ ನೋಡದೆ ಕೇಳಿದಳು.

"ಕಾಕಾ, ನಾ ನಿಮ್ಮ ಮನಿಗೆ ಸೊಸಿ ಆಗಿ ಬರಬೇಕಂತೀನಿ. ನಿಮಗ ಬ್ಯಾಡಾಗಿದ್ರ ಬ್ಯಾಡ ಅನ್ರಿ. ನಾ ಸಿಟ್ಟಾಗೂದಿಲ್ಲ."

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. ರೈಟ್ ಅನ್ನಲಿಲ್ಲ. ಎಡಗೈ ಎತ್ತಿ ಧಪ್ ಎಂದು ಒಮ್ಮೆ ಬಡಿದರು.

"ಆತ್ರಿ" ಎಂದು ಅವಳು ತಲೆ ಆಡಿಸಿ, ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು. ಅಪ್ಪ ಮತ್ತೆ ಒಮ್ಮೆ ಬಡಿದರು. ಅವಳು ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಅಪ್ಪ ಇನ್ನೂ ಜೋರಾಗಿ ಬಡಿದರು, ಮುಖವೆಲ್ಲ ಕೆಂಪಾಗಿತ್ತು.

"ನಿಂತ್ಕೊಳಮ್ಮ" ಎಂದಳು ಅಮ್ಮ ಅಡುಗೆಮನೆ ಬಾಗಿಲಿಂದ. "ಸ್ಟಾಪಲ್ಲಿ ಜನ ನಿಂತಿದ್ರೂ ಹೀಗೇ ಒಂದ್ಸಲ ಬಡಿಯೋದು. ಹತ್ತಿಸ್ಕೊಳ್ದೆ ಹೊರಡೋಕಾಗುತ್ತಾ?"

ಅಷ್ಟರಲ್ಲಿ ಅಪ್ಪ ಎಡಗೈಯಿಂದ ತಮ್ಮ ಮಾತು ಕೇಳದ ಬಲಗಾಲನ್ನು ಹಿಡಿದು, ಏದುಸಿರು ಬಿಡುತ್ತಾ ಗೋಡೆ ಕಡೆಗೆ ಎಳೆದುಕೊಳ್ಳುತ್ತಿದ್ದರು. ಮಂಚದ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ನಿಂತು ಅತ್ತೆ. ಅವಳು ಚಪ್ಪಲಿ ಬಿಟ್ಟು ವಾಪಸ್ ಬಂದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಆ ಜಾಗದಲ್ಲಿ ಕೂತಳು.

ಅವಳು ಸರಿಯಾಗಿ ಕೂತಿದ್ದಾಳೆಯೇ ಎಂದು ನೋಡಿಕೊಂಡು, ಅಪ್ಪ ಮಂಚವನ್ನು ಎರಡು ಸಲ ಬಡಿದರು.