ಮಾವ ಕಟ್ಟಿಸಿದ ಫ್ಲೆಕ್ಸು

ಕೇಂದ್ರ ಸರ್ಕಾರದ ರಕ್ಷಣಾ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಎನ್ನುವುದು ನಮ್ಮವ್ವನ ಮಾತು. ಅಸಲಿಗೆ ಆಯ್ಕೆಯಾಗಿತ್ತು, ಅಷ್ಟೆ. ನಾನೂ ನನ್ನ ಹತ್ತಿರದ ಸಂಬಂಧಿಕರೂ ಎಂಥವರೆಂದು ಪೊಲೀಸರು ಮನೆಗೆ ಬಂದು ವಿಚಾರಿಸಿ ವರದಿ ಕಳಿಸಿದ ಮೇಲೆಯೇ ಆದೇಶ. ಅದು ಗೊತ್ತಾದ ದಿನದಿಂದ ಹೊಸಪೇಟೆಯ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಸರಿಯಾಗಿ ಇಳಿಯಲಿಲ್ಲ. ಕಾರಣ ನನ್ನ ಸೋದರಮಾವ.

ಮಾವ ಕಂಪ್ಲಿಯವನು. ಗದ್ದೆ ಮಾಡಿಕೊಂಡು ತಣ್ಣಗಿದ್ದವನು, ಗಣಿ ಜೋರಾದಾಗ ಎಲ್ಲರಂತೆ ತಾನೂ ಲಾರಿ ಕೊಂಡು ಸಂಡೂರಿನ ಅದಿರು ಹೊಡೆಯತೊಡಗಿದ. ಒಂದು ಸಲ ಪರ್ಮಿಟ್ ಇಲ್ಲದ ಅದಿರಿನೊಂದಿಗೆ ಲಾರಿ ಸಿಕ್ಕಿಬಿದ್ದು, ಮಾಲೀಕನೆಂದು ಅವನ ಮೇಲೂ ಕೇಸಾಯಿತು. ಅವನಿಗೆ ಅದೊಂದು ಲೆಕ್ಕವೇ ಅಲ್ಲ. ಈ ರಸ್ತೆಯಲ್ಲಿ ಕೇಸಿಲ್ಲದ ಲಾರಿ ಯಾವುದಿದೆ ತೋರಿಸು ಎಂದು ನಗುತ್ತಿದ್ದ. ನನಗೇನೂ ನಗು ಬರುತ್ತಿರಲಿಲ್ಲ. ಆದರೆ ನಾನು ಪ್ರೈಮರಿ ಶಾಲೆ ಓದಿದ್ದು ಅವನ ಮನೆಯಲ್ಲಿ. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದ ಕಾಲ ಅದು. ಅಜ್ಜಿಗೆ ಕೈ ನಡುಗುತ್ತಿದ್ದುದರಿಂದ ನನಗೆ ಜಡೆ ಹಾಕುತ್ತಿದ್ದವನು ಮಾವ. ಜಡೆ ಸೊಟ್ಟಗಿರುತ್ತಿತ್ತು, ಅದು ಬೇರೆ ಮಾತು.

ಅಪ್ಪ ಸರ್ಕಾರಿ ಗುಮಾಸ್ತರು, ಹೆದರುವುದರಲ್ಲಿ ಪಳಗಿದವರು. ಪೊಲೀಸರು ಕೇಳಿದರೆ ಮಾವನಿಗೂ ನಮಗೂ ಹೋಗಿಬರುವುದೇ ಇಲ್ಲ ಅಂದುಬಿಡೋಣ ಎಂದು ತೀರ್ಮಾನಿಸಿದರು. ಅವ್ವ ಕಣ್ಣೊರೆಸಿಕೊಂಡು ಒಪ್ಪಿದಳು. ನಾನೂ ಆ ಸುಳ್ಳನ್ನು ಬಚ್ಚಲಲ್ಲಿ ಹೇಳಿ ಹೇಳಿ ನಾಲಿಗೆಗೆ ರೂಢಿ ಮಾಡಿಸಿದೆ. ಮಾವನಿಗೆ ಮಾತ್ರ ಯಾರೂ ಹೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು? ಅವನಿಗೆ ಗೊತ್ತಿದ್ದದ್ದು, ಅವ್ವ ಮೊದಲ ದಿನವೇ ಫೋನಿನಲ್ಲಿ ಹೇಳಿದ ಸಿಹಿ ಸುದ್ದಿ ಒಂದೇ.

ಒಂದು ಬೆಳಿಗ್ಗೆ ಕಾಯಿಪಲ್ಲೆಗೆಂದು ಹೋದ ಅವ್ವ ಖಾಲಿ ಚೀಲ ಹಿಡಿದು ವಾಪಸ್ ಬಂದಳು. ಮುಖ ಬಿಳಿಚಿತ್ತು.

"ಬಸ್ ಸ್ಟ್ಯಾಂಡ್ ಮುಂದ ನಿನ್ನ ಫೋಟೊ ಐತೆ."

ಅಪ್ಪನೂ ನಾನೂ ಓಡಿದೆವು. ಮನೆಯೆತ್ತರದ ಫ್ಲೆಕ್ಸು. ಯಾರದೋ ಮದುವೆಯಲ್ಲಿ ತೆಗೆದ ನನ್ನ ಚಿತ್ರ, ಪಕ್ಕದಲ್ಲಿ ನನ್ನ ಎರಡರಷ್ಟು ದೊಡ್ಡವನಾಗಿ ಕಪ್ಪು ಕನ್ನಡಕದ ಮಾವ, ಕಿವಿಗೆ ಮೊಬೈಲು. ದೇಶದ ಗುಟ್ಟು ಕಾಯುವ ಕೆಲಸಕ್ಕೆ ಆಯ್ಕೆಯಾದ ನಮ್ಮ ಮನೆಮಗಳಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು ಸೋದರಮಾವ, ಲಾರಿ ಮಾಲೀಕರು, ಕಂಪ್ಲಿ. ಮುಚ್ಚಿಡಬೇಕೆಂದಿದ್ದ ಸಂಬಂಧವನ್ನು ಊರಿಗೆ ಊರೇ ಬಸ್ಸಿಳಿದು ಓದುತ್ತಿತ್ತು.

ಅಪ್ಪ ಏಣಿ ಹುಡುಕಿಕೊಂಡು ಹೋದರು. ನಾನು ಮನೆಗೆ ಮರಳಿದರೆ ಪಡಸಾಲೆಯಲ್ಲಿ ಅಪರಿಚಿತರೊಬ್ಬರು ಕುಳಿತು ನೀರು ಕುಡಿಯುತ್ತಿದ್ದರು. ವಿಚಾರಣೆಗೆ ಬಂದ ಪೊಲೀಸಿನವರು, ಮಫ್ತಿಯಲ್ಲಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಫೋಟೊ ನೋಡಿದ್ದೆ, ಗುರುತು ಸಿಕ್ಕಿತು ಬಿಡಮ್ಮ ಎಂದರು.

ಶಾಲೆ, ಕಾಲೇಜು, ಗೆಳತಿಯರು ಎಂದು ಒಂದಷ್ಟು ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ಫ್ಲೆಕ್ಸಿನಾಗ ಫೋನ್ ಹಿಡ್ಕೊಂಡು ನಿಂತಾರಲ್ಲ, ಅವರ ಜೋಡಿ ನಿಮ್ಮದು ಹೋಗೋದು ಬರೋದು ಐತೇನಮ್ಮ?"

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಬಾಯಿಗಿಟ್ಟು ನಿಂತಿದ್ದಳು. ಬಚ್ಚಲಲ್ಲಿ ಸರಾಗವಾಗಿ ಬರುತ್ತಿದ್ದ ಸುಳ್ಳು ಎಲ್ಲಿ ಹೋಯಿತೋ.

"ಐತ್ರಿ. ಸಣ್ಣಾಕಿದ್ದಾಗ ನನ್ನ ಸಾಕಿದವರ ಅವರು."

"ಕೇಸೈತಿ ಅವರ ಮ್ಯಾಲ."

"ಗೊತ್ತೈತ್ರಿ."

ಅವರು ನಗಲೂ ಇಲ್ಲ, ಗದರಲೂ ಇಲ್ಲ. ಬರೆದುಕೊಂಡು ಎದ್ದರು. ಫ್ಲೆಕ್ಸಿಗೆ ನಿಲುಕದ ಗಿಡ್ಡ ಏಣಿ ಹೊತ್ತು ಬಂದ ಅಪ್ಪ ಗೇಟಿನಲ್ಲಿ ಅವರಿಗೆ ದಾರಿ ಬಿಟ್ಟು ನಿಂತರು.

ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಮಾವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ನಿನ್ನ ಕೇಸಿನಿಂದ, ನಿನ್ನ ಈ ಶೋಕಿಯಿಂದ ನನ್ನ ಕೆಲಸ ಹೋಗುತ್ತದೆ ಎಂದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಮೊದಲ ಒಂದು ಮಾತು ಹೇಳಬಾರದಿತ್ತೇನವ್ವ?"

ಆ ಮಧ್ಯಾಹ್ನವೇ ಬಂದು ತಾನೇ ಹತ್ತಿ ಫ್ಲೆಕ್ಸು ಬಿಚ್ಚಿದನಂತೆ. ನಮ್ಮ ಮನೆ ಕಡೆ ಬರಲಿಲ್ಲ. ಮುಂದೆಯೂ ಬರಲಿಲ್ಲ. ನಾವು ಮಾತ್ರ ದಿನಗಟ್ಟಲೆ, ತಿಂಗಳುಗಟ್ಟಲೆ ಹೆದರಿದೆವು. ಓಣಿಯಲ್ಲಿ ಜೀಪಿನ ಸದ್ದಾದರೆ ಅಪ್ಪ ಪೇಪರು ಮಡಚುತ್ತಿದ್ದರು. ಅಂಚೆಯವನು ನಮ್ಮ ಮನೆ ದಾಟಿ ಹೋದರೆ ನಾನು ಗೇಟಿನವರೆಗೆ ಹೋಗಿ ಅವನ ಬೆನ್ನು ನೋಡುತ್ತಿದ್ದೆ.

ಕಡೆಗೆ ಆದೇಶ ಬಂತು. ಪೇಡೆಯ ಡಬ್ಬಿ ಹಿಡಿದು ಕಂಪ್ಲಿಗೆ ಹೋದೆ. ಮಾವನ ಪಡಸಾಲೆಯಲ್ಲಿ ಆ ಫ್ಲೆಕ್ಸು ಭತ್ತದ ಚೀಲಗಳಿಗೆ ಹೊದಿಕೆಯಾಗಿತ್ತು, ನಮ್ಮಿಬ್ಬರ ಮುಖ ಒಳಮಗ್ಗುಲಾಗಿ. ಅವನು ಪೇಡೆ ತಿಂದ, ನನ್ನ ತಲೆ ಸವರಿದ, ನಂತರ ದನಿ ತಗ್ಗಿಸಿದ.

"ಮುಂದ ನಿನ್ನ ಮದುವಿ ಆದ್ರ ಕಾರ್ಡಿನಾಗ ನನ್ನ ಹೆಸರು ಹಾಕಬ್ಯಾಡ್ರಿ. ಮಂಟಪಕ್ಕ ಕೈ ಹಿಡಿದು ಕರ್ಕೊಂಡು ಬರಾಕ ಬ್ಯಾರೆ ಯಾರಿಗಾರ ಹೇಳು. ಅಲ್ಲಿ ಫೋಟೊ ತಗೀತಾರ."

ನಮ್ಮಲ್ಲಿ ಮದುಮಗಳ ಕೈ ಹಿಡಿದು ತರುವವನು ಸೋದರಮಾವನೇ. ಹಾಗೆಲ್ಲ ಮಾತಾಡಬೇಡ ಮಾವ ಎಂದು ಜಗಳ ತೆಗೆಯಬೇಕಿದ್ದ ನಾನು, ಕಿಟಕಿಯ ಹೊರಗೆ ಯಾರಾದರೂ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಿದೆ.