ಪ್ರಾಚಾರ್ಯರ ಕೈ ಹಿಡಿದ ದಿನ

ನಾನು ಭಾಲ್ಕಿ ಕಡೆಯವಳು, ಗಡಿಯಾಚೆಯ ಉದಗೀರಕ್ಕೆ ಮದುವೆಯಾಗಿ ಬಂದವಳು. ಇಂಟರ್‌ನೆಟ್ ಗುತ್ತಿಗೆದಾರರೊಬ್ಬರ ಬಳಿ ಫೈಬರ್ ಜೋಡಿಸುವ ಕೆಲಸ ಮಾಡುತ್ತೇನೆ. ಬ್ಯಾಗು ಹೆಗಲಿಗೇರಿಸಿ ಒಳಗೆ ಹೋದರೆ ಜನ ನನ್ನ ಹಿಂದೆ ನೋಡುತ್ತಾರೆ, ಮಿಸ್ತ್ರಿ ಇನ್ನೂ ಬರಬೇಕೇನೋ ಎಂದು. ಬರುವವರು ಯಾರೂ ಇಲ್ಲ. ನಾನೇ.

ಕೆಲಸಕ್ಕೆ ಸೇರಿದ ವರ್ಷ, ಮಾಲಕರು ಅವಸರ ಮಾಡಿದರೆಂದು ಕತ್ತರಿಸಿದ ಫೈಬರಿನ ಚೂರುಗಳನ್ನು ಎತ್ತಿಡದೆ ಹಾಗೇ ಮುಂದುವರಿದಿದ್ದೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹೆಬ್ಬೆರಳೊಳಗೆ ಇಳಿಯಿತು. ಕಣ್ಣಿಗೆ ಕಾಣದು, ಮುಟ್ಟಿದರೆ ಜೀವ ಹೋಗುವ ನೋವು. ಮೂರು ದಿನ ರೊಟ್ಟಿ ಬಡಿಯಲಾಗಲಿಲ್ಲ. ಅಂದಿನಿಂದ ಯಾರ ಅವಸರಕ್ಕೂ ನಾನು ಬಗ್ಗುವುದಿಲ್ಲ.

ಆ ದಿನ ನಿಲಂಗಾದ ಒಂದು ಕಾಲೇಜಿನಲ್ಲಿ ನೆಟ್ ಹೋಗಿತ್ತು. ಪರೀಕ್ಷೆಯ ಫಾರ್ಮ್ ತುಂಬುವ ಸಮಯ; ಕಿಟಕಿಯ ಹೊರಗೆ ಹುಡುಗಿಯರ ಸಾಲು. ಹೊಸ ಕೇಬಲ್ ಎಳೆದು ತಂದಿದ್ದೆ, ಕಚೇರಿಯ ನೆಟ್ ಪೆಟ್ಟಿಗೆಗೆ ಜೋಡಿಸುವುದಷ್ಟೇ ಬಾಕಿ. ಪ್ರಾಚಾರ್ಯರು ಪಕ್ಕದಲ್ಲೇ ನಿಂತಿದ್ದರು.

"ಎಷ್ಟೊತ್ ರೀ ಇನ್ನ? ಚುಚ್ಚಿ ಬಿಡ್ರಿ, ಲವಕರ್, ಜಲ್ದಿ."

"ಒರಸಿ ಚುಚ್ಚತೀನ್ರಿ ಸರ್. ತುದಿಗಿ ಧೂಳ ಇದ್ರ ಇವತ್ತ ನಡೀತದ, ನಾಳಿ ನಿಂದರ್ತದ."

ಒರೆಸುವ ಬಟ್ಟೆಗೆಂದು ಬ್ಯಾಗಿನತ್ತ ತಿರುಗಿದೆ. ಅಷ್ಟರಲ್ಲಿ ಅವರು ಕೇಬಲ್ಲಿನ ತುದಿ ಎತ್ತಿಕೊಂಡು ಮುಚ್ಚಳ ಕಿತ್ತು, "ಇದರಾಗ ಲೈಟೇ ಬರ್ಲಾಕತ್ತಿಲ್ಲ" ಎನ್ನುತ್ತ ಕಣ್ಣಿಗೆ ಹಿಡಿಯಲು ಹೋದರು. ನಾನು ಅವರ ಮಣಿಕಟ್ಟು ಹಿಡಿದು ಕೆಳಗೆಳೆದೆ.

ಕಿಟಕಿಯ ಹೊರಗಿನ ಹುಡುಗಿಯರು ಇತ್ತ ತಿರುಗಿದರು. ಪ್ರಾಚಾರ್ಯರ ಮುಖ ಕೆಂಪಾಯಿತು.

"ಕೈ ಹಿಡೀತಿ? ನಾ ಯಾರಂತ ಗೊತ್ತದ ಇಲ್ಲ?"

"ಗೊತ್ತದ್ರಿ. ಇದರೊಳಗಿನ ಬೆಳಕು ಕಣ್ಣಿಗಿ ಕಾಣಲ್ಲ ಸರ್. ಕಾಣಲ್ಲಂತ ನೀವು ನೋಡ್ಕೋತ ನಿಂದರ್ತೀರಿ, ಅದು ಕಣ್ಣಿನೊಳಗ ಸುಡ್ತದ."

ಅವರು ಕೇಳಿಸಿಕೊಳ್ಳಲಿಲ್ಲ. ನಮ್ಮ ಮಾಲಕರಿಗೆ ಫೋನು ಹಚ್ಚಿ, ಹೆಣ್ಣುಮಗಳು ಮೈಮೇಲೆ ಬಂದಳೆಂದು ದೂರಿ, ಫೋನನ್ನು ನನ್ನ ಕೈಗಿಟ್ಟರು.

"ಒಂದ್ಸಲ ಮಾಫಿ ಕೇಳವಾ, ವಿಷಯ ಮುಗೀಲಿ," ಎಂದರು ಮಾಲಕರು.

"ಕಣ್ಣು ಉಳಸಿದ್ದಕ್ಕ ಮಾಫಿ ಕೇಳಂಗಿಲ್ರೀ." ಪ್ರಾಚಾರ್ಯರಿಗೆ ಕೇಳಿಸಲೆಂದೇ ಜೋರಾಗಿ ಹೇಳಿದೆ.

"ಹಂಗಾದ್ರ ನಾಳಿ ಬ್ಯಾಗ್ ತಂದು ಆಫೀಸಿನಾಗ ಇಡು."

ಫೋನು ವಾಪಸು ಕೊಟ್ಟೆ. ಕೇಬಲ್ಲಿನ ತುದಿಯನ್ನು ಬೆಳಕು ಅಳೆಯುವ ಮೀಟರಿಗೆ ಹಚ್ಚಿ ನೋಡಿದೆ. ಇಲ್ಲವೆಂದು ಅವರು ಹೇಳಿದ ಬೆಳಕು ಸರಿಯಾಗಿಯೇ ಬರುತ್ತಿತ್ತು. ತುದಿ ಒರೆಸಿದೆ, ಮತ್ತೊಮ್ಮೆ ಒರೆಸಿದೆ. ಕೇಬಲ್ ಮುರಿಯದಂತೆ ದೊಡ್ಡ ಸುತ್ತು ಸುತ್ತಿ, ತುದಿಯನ್ನು ಪೆಟ್ಟಿಗೆಯೊಳಗೆ ಕಿಟಕ್ ಅನ್ನುವವರೆಗೆ ಒತ್ತಿದೆ. ಹಸಿರು ದೀಪ ಹತ್ತಿತು. ಹುಡುಗಿಯರು ಸಾಲಿನಲ್ಲಿ ಮುಂದೆ ಸರಿದರು.

ಮರುದಿನ ಉದಗೀರದ ಆಫೀಸಿನಲ್ಲಿ ಬ್ಯಾಗು ಮೇಜಿನ ಮೇಲಿಟ್ಟೆ. ಮಾಲಕರು ಅದನ್ನು ತೆಗೆದುಕೊಳ್ಳಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. "ಉಮರ್ಗಾ ಕಡಿ ಹೋಗ್ತಿ ಏನು?" ಎಂದರು. ಅದು ಶಿಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು: ಬೆಳಗಾಗುತ್ತಲೇ ಬಸ್ಸು, ಯೆಣೆಗೂರಿನವರೆಗೂ ಬಿಸಿಲಲ್ಲಿ ಕಂಬ ಕಂಬದ ಕೆಲಸ.

"ಹೋಗ್ತೀನ್ರಿ. ಅಲ್ಲಿ ಯಾರರೆ ಕಣ್ಣಿಗಿ ಹಿಡಕೊಂಡ್ರ ಅವರ ಕೈನೂ ಹಿಡೀತೀನಿ."

ಆರು ತಿಂಗಳು ಅಲ್ಲೇ ದುಡಿದೆ. ಆಮೇಲೆ ಮತ್ತೊಂದು ರಿಪೇರಿಗೆ ಅದೇ ಕಾಲೇಜಿಗೆ ಕಳಿಸಿದರು. ಪ್ರಾಚಾರ್ಯರು ದೂರ ಕುರ್ಚಿಯಲ್ಲೇ ಕೂತಿದ್ದರು, ಕೇಬಲ್ ಮುಟ್ಟಲು ಎದ್ದು ಬರಲಿಲ್ಲ. ನನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡೆ. ಕೆಲಸ ಮುಗಿದ ಮೇಲೆ ರಿಪೇರಿಯ ಕಾಗದ ಅವರ ಮುಂದಿಟ್ಟೆ; ಸಹಿ ಹಾಕಿದರು.